ಸೇವೆಗೊಂದು ಪದಕ: ಶ್ರೀರಂಗಪಟ್ಟಣದಿಂದ ಅಮೃತ ಮಹೋತ್ಸವದವರೆಗೆ

ವಿಜಯಪುರ ಜಿಲ್ಲೆಯ ನಿಡೋಣಿ, ಬಬಲೇಶ್ವರ, ತಿಕೋಟಾ ಸುತ್ತಿನ ಹಳ್ಳಿಗಳಲ್ಲಿ ಮಾಜಿ ಸೈನಿಕರ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಪಡಸಾಲೆಯ ಗೋಡೆಯ ಮೇಲೆ ಸಮವಸ್ತ್ರದ ಫೋಟೊ, ಪಕ್ಕದಲ್ಲಿ ಗಾಜಿನ ಕಟ್ಟಿನೊಳಗೆ ಸಾಲು ಹಿಡಿದ ಮೆಡಲ್‌ಗಳು ಇರುತ್ತವೆ. ಊರಿನವರ ಕಣ್ಣಿಗೆ ಅವೆಲ್ಲ ಶೌರ್ಯ ಪದಕಗಳೇ. ನಿಜದಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೊಂದು ಬಗೆಯವು. ಈತ ಇಂಥ ಯುದ್ಧದಲ್ಲಿದ್ದ, ಇಂಥ ದಿನ ಸೇವೆಯಲ್ಲಿದ್ದ, ಇಷ್ಟು ವರ್ಷ ದುಡಿದ ಎಂದು ಹೇಳುವ ಸೇವಾ ಪದಕಗಳು, ಸ್ಮರಣಾರ್ಥ ಪದಕಗಳು ಅವು. ಪರಮವೀರ ಚಕ್ರದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯೇ ಇರುವುದರಿಂದ ನಮ್ಮ ಭಾಗದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಈ ಸಾಮಾನ್ಯ ಪದಕಗಳ ಕಥೆಯನ್ನು ಮಾತ್ರ ಹೇಳಿದವರು ಕಡಿಮೆ. ಯಾರನ್ನು ಲೆಕ್ಕಕ್ಕೆ ಹಿಡಿದರು, ಯಾರನ್ನು ಬಿಟ್ಟರು, ಕೊಟ್ಟದ್ದು ಎಷ್ಟು ತಡವಾಗಿ ಕೈಸೇರಿತು ಎಂಬುದೆಲ್ಲ ಅದರಲ್ಲಿದೆ.

ಕಾಳಗದಲ್ಲಿ ಮಡಿದವರನ್ನು ನೆನೆಯುವುದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲ. ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಬದುಕಿ ಬಂದವನಿಗೆ ಸಿಗುತ್ತಿದ್ದದ್ದು ಒಡೆಯನ ಮೆಚ್ಚುಗೆ. 949ರ ತಕ್ಕೋಲಂ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರ, ಮೆಚ್ಚುಗೆಯಾಗಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಕಾಳಿ ಎಂಬ ಬೇಟೆನಾಯಿಯನ್ನು ಪಡೆದ. ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಾಗ ನೆಟ್ಟ ಆತಕೂರಿನ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಮೆಚ್ಚುಗೆ ಒಬ್ಬೊಬ್ಬ ವೀರನಿಗೆ ಸಲ್ಲುವಂಥದ್ದು. ಪಡೆಯಲ್ಲಿದ್ದ ಪ್ರತಿಯೊಬ್ಬನಿಗೂ ಒಂದೇ ಗುರುತು ಕೊಡುವ ಪದ್ಧತಿ ನಮ್ಮಲ್ಲಿಗೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆ.

ಅದು ಬಂದ ಬಗೆಯಾದರೂ ನಮಗೆ ನೋವಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಆ ಗೆಲುವಿಗೆ ಕಂಪನಿ ಅಚ್ಚು ಹಾಕಿಸಿದ ಪದಕದ ಒಂದು ಮಗ್ಗುಲಲ್ಲಿ ಕೋಟೆಗೆ ಲಗ್ಗೆಯಿಡುವ ಪಡೆ, ಇನ್ನೊಂದು ಮಗ್ಗುಲಲ್ಲಿ ಹುಲಿಯನ್ನು ಕೆಡವಿಕೊಂಡ ಸಿಂಹ. ಹುದ್ದೆಗೆ ತಕ್ಕಂತೆ ಲೋಹ ಬದಲಾಗುತ್ತಿತ್ತು: ಮೇಲಿನವರಿಗೆ ಚಿನ್ನ, ನಂತರ ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ಕಟ್ಟಕಡೆಯ ಸಿಪಾಯಿಗೆ ತವರ. ಹೀಗೆ ಕನ್ನಡ ನೆಲದ ಸೋಲನ್ನು ಸ್ಮರಿಸುವ ಬಿಲ್ಲೆ, ದಕ್ಷಿಣದ ಸಾಮಾನ್ಯ ಸಿಪಾಯಿ ಎದೆಗೆ ಧರಿಸಿದ ಮೊದಮೊದಲ ಪದಕಗಳಲ್ಲಿ ಒಂದಾಯಿತು.

ಮುಂದಿನದು ತಡದ ಕಥೆ. 1803ರಿಂದ 1826ರವರೆಗಿನ ಕಾಳಗಗಳಿಗಾಗಿ ಆರ್ಮಿ ಆಫ್ ಇಂಡಿಯಾ ಮೆಡಲ್ ಮಂಜೂರಾದದ್ದು 1851ರಲ್ಲಿ. 1803ರಲ್ಲಿ ಅಸಾಯೆಯಲ್ಲಿ ಹೋರಾಡಿದವನು ಅರ್ಧ ಶತಮಾನ ಕಾಯಬೇಕಿತ್ತು. ಅದೂ ಬದುಕಿದ್ದವರು ಅರ್ಜಿ ಹಾಕಿದರೆ ಮಾತ್ರ. ಅಷ್ಟರಲ್ಲಿ ಹೆಚ್ಚಿನ ಸಿಪಾಯಿಗಳು ತೀರಿಹೋಗಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಕೊಡುವ ಕೆಲಸ ಬೇಗನಾಯಿತಾದರೂ ಲೋಹದ ಭೇದ ಹೋಗಲಿಲ್ಲ. ಹೋರಾಡುವ ಸೈನಿಕನಿಗೆ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಸಿಕ್ಕರೆ, ರಸ್ತೆ ಕಡಿದು ಹೊರೆ ಹೊತ್ತ ಲೇಬರ್ ಕೋರ್‌ನ ಭಾರತೀಯನಿಗೆ ಅದೇ ಪದಕ ಕಂಚಿನಲ್ಲಿ ಸಿಕ್ಕಿತು. ಅದೇ ಯುದ್ಧದಲ್ಲಿ ಕೆಲವರಿಗೆ ಪದಕದಾಚೆಯ ಗುರುತೂ ದಕ್ಕಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೆಷಿನ್‌ಗನ್ನುಗಳೆದುರು ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್‌ನವರಿದ್ದರು. ಜೋಧಪುರ, ಹೈದರಾಬಾದ್ ಪಡೆಗಳ ಜೊತೆ ಅವರ ಗುರುತಾಗಿ ದೆಹಲಿಯ ತೀನ್ ಮೂರ್ತಿ ನಿಂತಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕವಿದೆ.

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ಪದಕವನ್ನು ಕೈಯಲ್ಲಿ ಹಿಡಿದರೆ ಆ ಕಾಲದ ಗೊಂದಲವೇ ಕಾಣುತ್ತದೆ. 1947ರ ಆಗಸ್ಟ್ 15ರ ನೆನಪಿಗೆ ಮಾಡಿದ ಆ ಪದಕದಲ್ಲಿ ಅಶೋಕ ಚಕ್ರವಿದೆ, ಅದರ ಮೇಲೆ ಬ್ರಿಟಿಷ್ ಕಿರೀಟ, ಸುತ್ತ ಆರನೆಯ ಜಾರ್ಜ್ ದೊರೆಯ ಬಿರುದುಗಳು. ರಿಬ್ಬನ್ ಮಾತ್ರ ಕೇಸರಿ, ಬಿಳಿ, ಹಸಿರು. 1950ರ ಜನವರಿ 26ರಂದು ಈ ಕಿರೀಟ ಕಳಚಿತು. ಅಂದು ಜಾರಿಗೆ ಬಂದ ಪರಮವೀರ ಚಕ್ರದ ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಹುಟ್ಟಿನಿಂದ ಯುರೋಪಿನವರು, ಆದರೂ ಕಂಚಿನಲ್ಲಿ ಇಂದ್ರನ ವಜ್ರಾಯುಧವನ್ನು ಮೂಡಿಸಿದರು. ಅದನ್ನು ಬದುಕಿದ್ದಾಗಲೇ ಪಡೆದ ಮೊದಲಿಗ ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ.

ಶೌರ್ಯದ ಸಾಲು ಹೀಗೆ ಬೆಳೆಯುವಾಗ ಸೇವೆಯ ಸಾಲು ಯುದ್ಧದಿಂದ ಯುದ್ಧಕ್ಕೆ ತುಂಡುತುಂಡಾಗಿ ಬಂತು. 1961ರ ಗೋವಾ, 1962ರ ಲಡಾಖ್ ಮತ್ತು ನೇಫಾ (ಇಂದಿನ ಅರುಣಾಚಲ), ಇವಕ್ಕೆ ಹೊಸ ಪದಕವನ್ನೇ ಮಾಡಲಿಲ್ಲ. 1947ರ ಜನರಲ್ ಸರ್ವಿಸ್ ಮೆಡಲ್‌ನ ರಿಬ್ಬನ್ ಮೇಲೆ ಸ್ಥಳದ ಹೆಸರು ಬರೆದ ಒಂದು ಲೋಹದ ಪಟ್ಟಿ ಸೇರಿತು, ಅಷ್ಟೇ. ಹಿಮದಲ್ಲಿ ಬರಿಗೈಯಲ್ಲಿ ನಿಂತಂತೆ ನಿಂತ 1962ರ ಸೈನಿಕರಿಗೆ ಇನ್ನೂ ದೊಡ್ಡ ಗುರುತು ಸಲ್ಲಬೇಕಿತ್ತು ಎಂದೇ ನನ್ನ ಭಾವನೆ. ಸೋತ ಯುದ್ಧವನ್ನು ನೆನೆಯಲು ಸರ್ಕಾರಕ್ಕೆ ಸಂಕೋಚವಿದ್ದರೆ ಅದರ ಬೆಲೆಯನ್ನು ಜವಾನ ಯಾಕೆ ತೆರಬೇಕು? 1965ಕ್ಕೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್ ಬಂದವು. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಮೆಡಲ್. ರಣರಂಗದಲ್ಲಿದ್ದವನಿಗೆ ಐದು ಮೂಲೆಯ ನಕ್ಷತ್ರ, ಹಿಂದೆ ನಿಂತು ದುಡಿದವನಿಗೂ ದುಂಡನೆಯ ಬಿಲ್ಲೆ. ಅಡುಗೆಯವನು, ಗಾಡಿ ಓಡಿಸಿದವನು, ವೈರ್‌ಲೆಸ್ ಹಿಡಿದು ಕೂತವನು, ಎಲ್ಲರೂ ಲೆಕ್ಕಕ್ಕೆ ಬಂದರು. ಶ್ರೀರಂಗಪಟ್ಟಣದ ತವರದಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ.

ಈ ಪದಕಗಳ ಜೀವ ಅವುಗಳ ಅಂಚಿನಲ್ಲಿದೆ. ಗಾಜಿನ ಕಟ್ಟಿನೊಳಗಿದ್ದರೆ ಕಾಣುವುದಿಲ್ಲ. ಹೊರತೆಗೆದು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಕಡ್ಡಿಯಷ್ಟು ದಪ್ಪದ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ದಳ ಕೊರೆದಿರುತ್ತದೆ. ಎರಡನೆಯ ಮಹಾಯುದ್ಧದ ನಕ್ಷತ್ರಗಳನ್ನು ಬ್ರಿಟಿಷ್ ಸರ್ಕಾರ ತನ್ನ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟಿತ್ತು. ಹೆಸರಿದ್ದರೆ ಅದು ದಾಖಲೆ, ಇಲ್ಲದಿದ್ದರೆ ಲೋಹದ ತುಂಡು. ಆದ್ದರಿಂದಲೇ ನಮ್ಮ ಸೇನೆಯಲ್ಲಿ ಲಕ್ಷಗಟ್ಟಲೆ ಪದಕಗಳು ಹಂಚಿಕೆಯಾಗದೆ ಬಾಕಿ ಉಳಿದ ಸುದ್ದಿ ಓದಿದಾಗ ಸಂಕಟವಾಗುತ್ತದೆ. ಹಕ್ಕಿನ ಪದಕ ಕೈಗೆ ಬರುವ ಮುನ್ನ ನಿವೃತ್ತರಾದವರು, ಪರೇಡಿಗೆಂದು ಅಂಗಡಿಯಲ್ಲಿ ನಕಲು ಕೊಂಡವರು ಬಹಳ ಮಂದಿ. ಅಂಗಡಿಯ ಪದಕದ ಅಂಚು ಖಾಲಿ.

ಇನ್ನು ಸ್ವಾತಂತ್ರ್ಯದ ವರ್ಷಾಚರಣೆಯ ಪದಕಗಳು. 25ನೇ ವರ್ಷಕ್ಕೆ 1972ರಲ್ಲಿ, 50ಕ್ಕೆ 1997ರಲ್ಲಿ, 75ಕ್ಕೆ 2022ರಲ್ಲಿ ಬಂದವು. ಇವಕ್ಕೆ ಯುದ್ಧ ಬೇಡ, ಆ ವರ್ಷದ ಆಗಸ್ಟ್ 15ರಂದು ಸೇವೆಯಲ್ಲಿದ್ದರೆ ಸಾಕು. ತಕರಾರಿರುವುದೂ ಇಲ್ಲೇ. 1973ರಲ್ಲಿ ಸೇರಿ 1996ರಲ್ಲಿ ಹೊರಬಂದ ಹವಾಲ್ದಾರನಿಗೆ ಈ ಮೂರರಲ್ಲಿ ಒಂದೂ ಇಲ್ಲ. 1997ರ ಜುಲೈನಲ್ಲಿ ಸೇರಿದ ಹುಡುಗನಿಗೆ ತರಬೇತಿ ಮುಗಿಯುವ ಮೊದಲೇ ಒಂದು ಪದಕದ ಹಕ್ಕು. 9, 20, 30 ವರ್ಷದ ದೀರ್ಘ ಸೇವಾ ಪದಕಗಳಿವೆ ನಿಜ, ಆದರೆ ದೇಶ ಹಬ್ಬ ಮಾಡುವಾಗ ಮನೆ ಸೇರಿದ ಸೈನಿಕ ಪಂಕ್ತಿಯ ಹೊರಗೇ ಉಳಿಯುತ್ತಾನೆ.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದಲ್ಲಿ ಶೀತಲ ಸಮರದ ಕಾಲದಲ್ಲಿ ದುಡಿದವರು ತಮಗೊಂದು ಪದಕ ಬೇಕೆಂದು ದಶಕಗಳಿಂದ ಕೇಳುತ್ತಿದ್ದಾರೆ. 1990ರ ದಶಕದ ಕೊನೆಗೆ ಸಿಕ್ಕದ್ದು ಒಂದು ಪ್ರಮಾಣಪತ್ರ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಆರ್ಕ್ಟಿಕ್ ಹಡಗು ಪಡೆಯವರಿಗೆ ನಕ್ಷತ್ರ ಬಂದದ್ದು 2013ರಲ್ಲಿ, ಯುದ್ಧ ಮುಗಿದು 68 ವರ್ಷಕ್ಕೆ. 1952ರಲ್ಲಿ ಶುರುವಾದ ಅಣು ಪರೀಕ್ಷೆಗಳಲ್ಲಿ ನಿಂತವರಿಗೆ ಪದಕ ಘೋಷಿಸಿದ್ದು 2022ರಲ್ಲಿ. ಆಸ್ಟ್ರೇಲಿಯಾ 2006ರಲ್ಲಿ ಬೇರೆ ದಾರಿ ಹಿಡಿಯಿತು. ಎರಡನೆಯ ಮಹಾಯುದ್ಧದ ನಂತರ ನಾಲ್ಕು ವರ್ಷ ಸೇವೆ ಸಲ್ಲಿಸಿದವರು, ನಿವೃತ್ತರೂ ಸೇರಿ, ಎಲ್ಲರೂ ಅದರ ಡಿಫೆನ್ಸ್ ಮೆಡಲ್‌ಗೆ ಅರ್ಹರು.

ನಮ್ಮಲ್ಲಿ ಮಾಜಿ ಸೈನಿಕರು ಪದಕವನ್ನು ಎಷ್ಟು ದೊಡ್ಡದೆಂದು ಭಾವಿಸುತ್ತಾರೆ ಎಂಬುದು, ಅವರು ಅದನ್ನು ಹಿಂದಿರುಗಿಸಿದಾಗ ಗೊತ್ತಾಯಿತು. ಸಮಾನ ದರ್ಜೆಗೆ ಸಮಾನ ಪಿಂಚಣಿ ಕೇಳಿ 2009ರಲ್ಲಿ ಅವರು ರಾಷ್ಟ್ರಪತಿಗಳಿಗೆ ಪದಕ ಒಪ್ಪಿಸಿದರು. ಬೇರೆ ಯಾವುದನ್ನು ಬಿಟ್ಟುಕೊಟ್ಟಿದ್ದರೂ ದೇಶ ತಿರುಗಿ ನೋಡುತ್ತಿತ್ತೋ ಇಲ್ಲವೋ. ಬೇಡಿಕೆ ಒಪ್ಪಿಗೆಯಾದದ್ದು 2015ರಲ್ಲಿ. ಮರುವರ್ಷದಿಂದ, ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಜನವರಿ 14ರ ದಿನ ಮಾಜಿ ಸೈನಿಕರಿಗೆ ಮೀಸಲಾಯಿತು.

ದಿನ ಸಿಕ್ಕಿದೆ, ಸೇವೆ ಮುಗಿಸಿ ಮನೆ ಸೇರಿದ ಎಲ್ಲರಿಗೂ ಒಂದು ಪದಕವೂ ಸಿಗಬೇಕು. ತಡವಾಯಿತೆಂಬ ಕಾರಣಕ್ಕೆ ಕೈಬಿಡಬೇಕಿಲ್ಲ. ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ಶತ್ರುವಿನ ಸ್ಟಾರ್‌ಫೈಟರ್ ವಿಮಾನ ಉರುಳಿಸಿ ಮಡಿದರು. ಸಂಗತಿ ಹೊರಬಿದ್ದ ಮೇಲೆ 1988ರಲ್ಲಿ, 23 ವರ್ಷಕ್ಕೆ, ಮಹಾವೀರ ಚಕ್ರ ಬಂತು. ಹಳೆಯ ಕಡತವನ್ನು ಮತ್ತೆ ತೆರೆಯಬಹುದು ಎಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. ನಿವೃತ್ತರ ಪದಕಕ್ಕೆ ಬೇಕಾದ ಮಾಹಿತಿ ದಳಗಳ ರೆಕಾರ್ಡ್ ಆಫೀಸಿನಲ್ಲೂ ಪ್ರತಿಯೊಬ್ಬರ ಡಿಸ್ಚಾರ್ಜ್ ಬುಕ್ಕಿನಲ್ಲೂ ಇದೆ. ಅರ್ಜಿ ಹಿಡಿದು ಅಲೆದಾಡಿಸದೆ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಊರಿನ ಗ್ರಾಮಸಭೆಯಲ್ಲೇ ಕೊಡಬಹುದು. ಮೊದಲು ಹಿರಿಯರಿಗೆ, ಅಂದರೆ 1962, 1965, 1971ರವರಿಗೆ. ಸೈನಿಕ ತೀರಿಹೋಗಿದ್ದರೆ ಅವನ ಹೆಂಡತಿಗೆ, ಅಂಚಿನಲ್ಲಿ ಅವನ ನಂಬರು, ಹೆಸರು ಕೊರೆಸಿ.