ನೋಮ್ಯಾಡ್

ಗ್ರೀಕಿನ 'ನೊಮಾಸ್' ಎಂದರೆ ಮೇವು ಅರಸಿ ಮಂದೆಯೊಡನೆ ತಿರುಗುವವನು. ಲ್ಯಾಟಿನ್, ಫ್ರೆಂಚ್ ದಾಟಿ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದ 1954ರಲ್ಲಿ ಕಾರು ಹತ್ತಿತು. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಮೋಟೊರಾಮಾ ಪ್ರದರ್ಶನದಲ್ಲಿ ಜನರಲ್ ಮೋಟರ್ಸ್ 'ಕಾರ್ವೆಟ್ ನೋಮ್ಯಾಡ್' ಎಂಬ ಮಾದರಿಯನ್ನು ನಿಲ್ಲಿಸಿತು. ಮುಂದಿನಿಂದ ನೋಡಿದರೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನದೇ ಮೋರೆ. ಹಿಂದೆ ಹೋದರೆ ಸಾಮಾನು ತುಂಬುವ ಸ್ಟೇಷನ್ ವ್ಯಾಗನ್. ಮೈಯೆಲ್ಲ ಫೈಬರ್‌ಗ್ಲಾಸ್, ಅಡಿಯ ಚಾಸಿ ಮಾತ್ರ ಮಾಮೂಲಿ ಷೆವರ್ಲೆ ವ್ಯಾಗನ್ನಿನದು. ಚಾವಣಿಯ ಹಿಂಭಾಗಕ್ಕೆ ಅಡ್ಡಡ್ಡ ಗೀರುಗಳು. ಕುರಿಯ ಹಿಂದೆ ಕಾಲು ಸವೆಸಿದವನ ಹೆಸರು ಪೇಟೆಯ ಷೋಕಿವಾಲರ ಬಂಡಿಗೆ! ಆದರೂ ಹೆಸರು ಚೆನ್ನಾಗಿಯೇ ಕೂತಿತು ಅನ್ನಬೇಕು. ಊರು ಬಿಟ್ಟು ಹೊರಡುವ ಆಸೆಯನ್ನೇ ತಾನೆ ಅವರು ಮಾರುತ್ತಿದ್ದುದು.

1955ರಲ್ಲಿ ಷೆವರ್ಲೆಯ ಬೆಲ್ ಏರ್ ಸಾಲಿನಲ್ಲಿ ಎರಡು ಬಾಗಿಲಿನ ನೋಮ್ಯಾಡ್ ಮಾರಾಟಕ್ಕೆ ಬಂತು. ಚಾವಣಿಯ ಅದೇ ಗೀರುಗಳು ಇಲ್ಲೂ ಇದ್ದವು. ನೋಡಲು ಚೆಂದ, ಬೆಲೆ ದುಬಾರಿ. ಸಾಲದ್ದಕ್ಕೆ ಹಿಂಬಾಗಿಲಲ್ಲಿ ಮಳೆನೀರು ಸೋರುತ್ತಿತ್ತು. 1957ರ ನಂತರ ಆ ವಿನ್ಯಾಸವನ್ನು ಕೈಬಿಟ್ಟು, ನಾಲ್ಕು ಬಾಗಿಲಿನ ಸಾದಾ ವ್ಯಾಗನ್ನಿಗೆ ಅದೇ ಹೆಸರು ಅಂಟಿಸಿದರು.