ದನಿಯಿಲ್ಲದ ಸಂಗೀತ

ಮನೆಯ ಕಂಪ್ಯೂಟರಿನಲ್ಲಿ ಹಳೆಯ ಮಿಡಿ ಕಡತವೊಂದನ್ನು ತೆರೆದಿದ್ದೀರಿ. ಕಾಲಸೂಚಿ ಮುಂದೆ ಸಾಗುತ್ತಿದೆ, ನಾದ ಮಾತ್ರ ಇಲ್ಲ. ಕಡತ ಕೆಟ್ಟಿತೆಂದು ಅಳಿಸುವ ಮುನ್ನ ಅದರ ಚರಿತ್ರೆಯನ್ನು ಕೊಂಚ ಕೇಳಿ.

1983ರ ಜನವರಿಯಲ್ಲಿ, ಅಮೆರಿಕದ ವಾದ್ಯಪ್ರದರ್ಶನವೊಂದರಲ್ಲಿ, ಅಲ್ಲಿನ ಸೀಕ್ವೆನ್ಶಿಯಲ್ ಸರ್ಕ್ಯುಟ್ಸ್ ಮತ್ತು ಜಪಾನಿನ ರೋಲ್ಯಾಂಡ್ ಎಂಬ ಪ್ರತಿಸ್ಪರ್ಧಿ ಕಂಪೆನಿಗಳ ಎರಡು ಸಿಂಥಸೈಜರುಗಳನ್ನು ತಂತಿಯಿಂದ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ದನಿಗೂಡಿಸಿತು. ಡೇವ್ ಸ್ಮಿತ್, ಇಕುಟಾರೊ ಕಾಕೆಹಾಶಿ ಮೊದಲಾದವರು ರೂಪಿಸಿದ ಈ ಏರ್ಪಾಡೇ ಮಿಡಿ. ತಂತಿಯಲ್ಲಿ ಹರಿದದ್ದು ನಾದವಲ್ಲ, ಆಜ್ಞೆ: ಯಾವ ಸ್ವರ, ಎಷ್ಟು ಬಲ, ಯಾವಾಗ ನಿಲ್ಲಿಸಬೇಕು ಎಂಬುದು. ಕಡತದಲ್ಲಿ ಇರುವುದೂ ಅಂಥ ಸ್ವರಲಿಪಿಯೇ. 1991ರ ಜನರಲ್ ಮಿಡಿ ನಿಯಮವು 128 ವಾದ್ಯಗಳಿಗೆ ಕ್ರಮಸಂಖ್ಯೆ ಕೊಟ್ಟಿತು, ನಾದವನ್ನು ಕೊಡಲಿಲ್ಲ.

ಆ ನಾದವನ್ನು ಹಿಂದೆ ಸೌಂಡ್ ಕಾರ್ಡುಗಳು ಹೊರಡಿಸುತ್ತಿದ್ದವು. ಈಗ ಹೆಚ್ಚಾಗಿ ತಂತ್ರಾಂಶದ ಸಿಂಥಸೈಜರು ಹೊರಡಿಸುತ್ತದೆ. ಫ್ಲೂಯಿಡ್‌ಸಿಂತ್ ಎಂಬುದಕ್ಕೆ ಸೌಂಡ್‌ಫಾಂಟ್ ಎಂಬ ನಾದಭಂಡಾರ ಬೇಕು. ಅದಿಲ್ಲದಿದ್ದರೆ ವೀಣೆಯಿಲ್ಲದ ವೈಣಿಕನ ಪಾಡು. ಆದ್ದರಿಂದ ಮೊದಲು ಭಂಡಾರ ಇದೆಯೇ, ಬಳಿಕ ನುಡಿಸುವ ತಂತ್ರಾಂಶವು ಸಿಂಥಸೈಜರಿಗೆ ಜೋಡಣೆಯಾಗಿದೆಯೇ ನೋಡಿ. ಯಾರೋ ಶ್ರಮಪಟ್ಟು ಬರೆದಿಟ್ಟ ಸ್ವರಗಳು ಆ ಕಡತದಲ್ಲಿ ಇನ್ನೂ ಇವೆ. ನುಡಿಸಲು ವಾದ್ಯವೊಂದು ಬೇಕು, ಅಷ್ಟೇ.