ಸಯಾಮಿನ ಅರಣ್ಯದಲ್ಲೊಂದು ರೈಲುದಾರಿ

1943ನೆಯ ಇಸವಿಯ ಮಳೆಗಾಲದಲ್ಲಿ, ಸಯಾಮ್ (ಇಂದಿನ ಥಾಯ್ಲೆಂಡ್) ಬರ್ಮಾಗಳ ಗಡಿಯಲ್ಲಿರುವ ಮೂರು ಪಗೋಡಗಳ ಕಣಿವೆಯ ಆಚೀಚೆ, ಬಿದಿರುಮೆಳೆಗಳಿಂದ ನಿಬಿಡವಾದ ಅರಣ್ಯದಲ್ಲಿ, ಒಂದೇ ಹೊಳೆಯ ನೀರನ್ನು ಕುಡಿದು, ಒಂದೇ ಬಗೆಯ ಹುಳುಹಿಡಿದ ಅಕ್ಕಿಯ ಗಂಜಿಯನ್ನುಂಡು, ಒಂದೇ ಸೇನೆಯ ಕೋಲಿನೇಟಿಗೆ ಬೆನ್ನೊಡ್ಡಿ, ಒಂದೇ ರೈಲುದಾರಿಗೆ ಮಣ್ಣು ಹೊತ್ತ ಮನುಷ್ಯರು ಒಂದೇ ಪ್ರಮಾಣದಲ್ಲಿ ಸಾಯಲಿಲ್ಲ. ಯುದ್ಧಕೈದಿಗಳಾಗಿ ಬಂದ ಬ್ರಿಟಿಷ್, ಡಚ್, ಆಸ್ಟ್ರೇಲಿಯನ್, ಅಮೆರಿಕನ್ ಸೈನಿಕರು ಸುಮಾರು 61,000 ಮಂದಿ. ಅವರಲ್ಲಿ ಅಳಿದವರು 12,000ಕ್ಕೂ ಮಿಕ್ಕವರು, ಎಂದರೆ ಐವರಲ್ಲಿ ಒಬ್ಬನಂತೆ. ಕೂಲಿಗಳಾಗಿ ಬಂದ ತಮಿಳರು, ಬರ್ಮೀಯರು, ಜಾವಾದವರು, ಮಲಯರು, ಚೀನೀಯರು ಎಲ್ಲರೂ ಸೇರಿ 1,80,000ದಿಂದ 2,50,000ದವರೆಗೆ ಇದ್ದಿರಬೇಕೆಂದೂ, ಅವರಲ್ಲಿ 90,000ದಷ್ಟು ಮಂದಿ ಹಿಂತಿರುಗಲಿಲ್ಲವೆಂದೂ ಹೇಳುತ್ತಾರೆ. ಮೊದಲನೆಯದು ಲೆಕ್ಕ, ಎರಡನೆಯದು ಅಂದಾಜು.

ಈ ಅಂತರಕ್ಕೆ ಕಾರಣವೇನೆಂದು ವಿಚಾರಿಸಹೊರಟವನಿಗೆ ಮೊದಲು ತೋಚುವ ಉತ್ತರಗಳು ನಿಲ್ಲುವುದಿಲ್ಲ. ಉಷ್ಣದೇಶದಲ್ಲಿ ಹುಟ್ಟಿ, ಬರಿಗಾಲಿನಲ್ಲಿ ನಡೆದು, ಅನ್ನವನ್ನೇ ಉಂಡು, ಚಳಿಜ್ವರದೊಡನೆ ಬಾಲ್ಯದಿಂದಲೇ ಸೆಣಸಿ ಬೆಳೆದ ರಬ್ಬರು ತೋಟದ ಕೂಲಿಯು, ನಿನ್ನೆಯವರೆಗೆ ಲಂಡನ್ನಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸಿಪಾಯಿಗಿಂತ ಹೆಚ್ಚು ಕಾಲ ಬಾಳಬೇಕಾಗಿತ್ತು; ಬಾಳಲಿಲ್ಲ. ದೇಹಬಲವಾಗಲಿ, ಹವೆಯ ಅಭ್ಯಾಸವಾಗಲಿ ಆ ಕಾಡಿನಲ್ಲಿ ಮನುಷ್ಯನನ್ನು ಕಾಯಲಿಲ್ಲವೆಂದ ಮೇಲೆ, ಬದುಕಿದವರನ್ನು ಬದುಕಿಸಿದ್ದು ಯಾವುದು?

1942ರ ಫೆಬ್ರುವರಿ 15ರಂದು ಜನರಲ್ ಪರ್ಸಿವಲ್ ಸಿಂಗಾಪುರವನ್ನು ಜಪಾನಿನ ಜನರಲ್ ಯಾಮಶಿತನಿಗೆ ಒಪ್ಪಿಸಿದಾಗ ಸೆರೆಸಿಕ್ಕಿದ ಸೈನಿಕರ ಸಂಖ್ಯೆ 80,000ಕ್ಕೂ ಮಿಕ್ಕಿದ್ದಿತು. ಅವರಲ್ಲಿ ಅರ್ಧದಷ್ಟು ಭಾರತೀಯರೇ. ಮೈಸೂರು ಸಂಸ್ಥಾನದ ಕಾಲಾಳುಪಡೆಯ ಒಂದು ಬೆಟಾಲಿಯನ್ನೂ ಅವರೊಳಗಿದ್ದಿತು. ಭಾರತೀಯರನ್ನು ಬಿಳಿಯರಿಂದ ಬೇರ್ಪಡಿಸಿ, ಫ್ಯಾರರ್ ಪಾರ್ಕಿನ ಬಯಲಿನಲ್ಲಿ ಕೂಡಿಸಿ, ಆಜಾದ್ ಹಿಂದ್ ಸೈನ್ಯಕ್ಕೆ ಕರೆದ ವೃತ್ತಾಂತ ನಮ್ಮ ಓದುಗರಿಗೆ ತಿಳಿದದ್ದೇ ಆದುದರಿಂದ ಅದನ್ನಿಲ್ಲಿ ಬಿಡುತ್ತೇನೆ. ರಂಗೂನನ್ನು ಹಿಡಿದ ಜಪಾನೀಯರಿಗೆ ಅಲ್ಲಿನ ಸೇನೆಗೆ ಆಹಾರವನ್ನೂ ಮದ್ದುಗುಂಡನ್ನೂ ಒದಗಿಸಲು ಮಲಕ್ಕಾ ಜಲಸಂಧಿಯ ಮೂಲಕ ಬರುವ ಸಮುದ್ರಮಾರ್ಗವಲ್ಲದೆ ಬೇರೆ ದಾರಿಯಿರಲಿಲ್ಲ. ಅದಾದರೋ ಶತ್ರುಗಳ ಜಲಾಂತರ್ಗಾಮಿ ನೌಕೆಗಳ ಬಾಯಿಗೆ ತೆರೆದ ದಾರಿ. ಆ ವರ್ಷದ ಜೂನಿನಲ್ಲಿ ಮಿಡ್‌ವೇ ದ್ವೀಪದ ಬಳಿ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡ ಮೇಲಂತೂ ಸಮುದ್ರವನ್ನು ನಂಬಿ ಕುಳಿತುಕೊಳ್ಳುವಂತಿರಲಿಲ್ಲ. ಸಯಾಮಿನ ಬಾನ್ ಪೊಂಗ್‌ನಿಂದ ಬರ್ಮಾದ ಥನ್‌ಬ್ಯೂಜಯಾತಿನವರೆಗೆ 415 ಕಿಲೋಮೀಟರು ದೂರ ರೈಲು ಹಾಕಿದರೆ ಬ್ಯಾಂಕಾಕ್ ರಂಗೂನುಗಳು ಕೂಡುತ್ತಿದ್ದುವು. ಈ ಯೋಚನೆ ಹೊಸದೇನಲ್ಲ. ಬ್ರಿಟಿಷರು ಹಿಂದೆಯೇ ಈ ದಾರಿಯನ್ನು ಅಳೆದು ನೋಡಿ, ಕಾಡು, ಮಳೆ, ರೋಗಗಳನ್ನು ಕಂಡು ಕೈಬಿಟ್ಟಿದ್ದರು. ಲಾಭನಷ್ಟಗಳನ್ನು ತೂಗುವಾಗ ಕೂಲಿಯ ಪ್ರಾಣಕ್ಕೂ ಒಂದು ಬೆಲೆ ಕಟ್ಟಿದವನಿಗೆ ಅಸಾಧ್ಯವೆನಿಸಿದ್ದು, ಆ ಬೆಲೆಯನ್ನು ಸೊನ್ನೆಯೆಂದು ಬರೆದುಕೊಂಡವನಿಗೆ ಸಾಧ್ಯವಾಯಿತು.

ಜಪಾನೀ ಸೇನೆಯ ಎರಡು ರೈಲ್ವೆ ರೆಜಿಮೆಂಟುಗಳು, ಐದನೆಯದು ಬರ್ಮಾದ ಕಡೆಯಿಂದ, ಒಂಬತ್ತನೆಯದು ಸಯಾಮಿನ ಕಡೆಯಿಂದ, ಕೆಲಸಕ್ಕೆ ಕೈಹಚ್ಚಿದುವು. ಮೀಟರ್‌ಗೇಜಿನ ಕಂಬಿಗಳನ್ನು ಮಲಯ ಮತ್ತು ಬರ್ಮಾದ ರೈಲುದಾರಿಗಳಿಂದ ಕಿತ್ತು ತಂದರು. ಯಂತ್ರಗಳು ಹೆಸರಿಗಷ್ಟೇ ಇದ್ದುವು. ಗುದ್ದಲಿ, ಬುಟ್ಟಿ, ಹಗ್ಗ, ಆನೆ, ಮನುಷ್ಯ, ಇವಿಷ್ಟೇ ನಿಜವಾದ ಸಾಧನಗಳು. ಆರುನೂರಕ್ಕೂ ಮಿಕ್ಕಿದ ಸೇತುವೆಗಳಲ್ಲಿ ಬಹುಪಾಲು ಕಾಡಿನ ಮರದಿಂದಲೇ ಆದುವು. ಕೊನ್ಯೂ ಎಂಬಲ್ಲಿ ಬಂಡೆಯನ್ನು ಸೀಳಿ ದಾರಿ ತೆಗೆಯಬೇಕಾಗಿ ಬಂದಾಗ, ಒಬ್ಬನು ಉಕ್ಕಿನ ಉಳಿಯನ್ನು ಹಿಡಿದು ತಿರುಗಿಸುತ್ತ, ಇನ್ನೊಬ್ಬನು ಸಮ್ಮಟಿಗೆಯಿಂದ ಹೊಡೆಯುತ್ತ, ಕೈಯಿಂದಲೇ ಸಿಡಿಮದ್ದಿನ ಕುಳಿಗಳನ್ನು ಕೊರೆದರು. ರಾತ್ರಿ ಪಾಳಿಯಲ್ಲಿ ಬಿದಿರಿನ ಪಂಜುಗಳ ಬೆಳಕಿನಲ್ಲಿ ಎಲುಬುಗೂಡಿನಂಥ ಆಕೃತಿಗಳು ಅಲ್ಲಿ ಓಡಾಡುವುದನ್ನು ನೋಡಿ ಕೈದಿಗಳು ಆ ಕಡಿತಕ್ಕೆ ನರಕಾಗ್ನಿಯ ಹೆಸರನ್ನಿಟ್ಟರು. 1943ರ ಕೊನೆಗೆ ಮುಗಿಯಬೇಕೆಂದಿದ್ದ ಕಾಮಗಾರಿಯ ಗಡುವನ್ನು ಅದೇ ಆಗಸ್ಟಿಗೆ ಹಿಂದಕ್ಕೆಳೆದಾಗ, ಕಾವಲುಗಾರರು ಹಗಲಿರುಳೂ ಕೂಗುತ್ತಿದ್ದ 'ಸ್ಪೀಡೋ' ಎಂಬ ಮುರುಕು ಇಂಗ್ಲಿಷಿನ ಮಾತೇ ಆ ತಿಂಗಳುಗಳ ಹೆಸರಾಯಿತು. ಯುದ್ಧಕೈದಿಗಳನ್ನು ಕುರಿತ 1929ರ ಜಿನೀವಾ ಒಪ್ಪಂದಕ್ಕೆ ಜಪಾನು ರುಜು ಹಾಕಿದ್ದಿತೇ ಹೊರತು ಅದನ್ನು ಸ್ಥಿರೀಕರಿಸಿರಲಿಲ್ಲ. ಶರಣಾಗುವುದಕ್ಕಿಂತ ಸಾವು ಮೇಲೆಂದು ತನ್ನ ಸಿಪಾಯಿಗಳಿಗೆ ಬೋಧಿಸುತ್ತಿದ್ದ ಸೇನೆಗೆ ಶರಣಾದ ಪರರ ಮೇಲೆ ಗೌರವವಿರುವುದೂ ಶಕ್ಯವಿರಲಿಲ್ಲ.

ಅರಣ್ಯದ ರೋಗಗಳು ಒಂದರ ಹಿಂದೊಂದು ಬಂದುವು. ಮಲೇರಿಯಾ ಎಲ್ಲರಿಗೂ, ಆಮಶಂಕೆ ಹೆಚ್ಚುಕಡಿಮೆ ಎಲ್ಲರಿಗೂ. ತೌಡು ತೆಗೆದ ಬಿಳಿಯ ಅಕ್ಕಿಯನ್ನೇ ತಿಂದು ಬೆರಿಬೆರಿಯಿಂದ ಕಾಲು ಊದಿ ಹೃದಯ ನಿಲ್ಲುತ್ತಿದ್ದಿತು. ಬಿದಿರುಮುಳ್ಳು ಗೀರಿದ ಅಲ್ಪ ಗಾಯವು ಕೆಲವೇ ದಿನಗಳಲ್ಲಿ ಮೊಣಕಾಲಿನಿಂದ ಹರಡಿನವರೆಗೆ ಕೊಳೆತು ಮೂಳೆ ಕಾಣುವಂತಾಗುತ್ತಿದ್ದಿತು. ಹರಿತಗೊಳಿಸಿದ ಚಮಚದಿಂದ ಆ ಕೊಳೆಯನ್ನು, ಅರಿವಳಿಕೆಯಿಲ್ಲದೆಯೇ, ಕೆರೆದು ತೆಗೆಯಬೇಕಾಗಿದ್ದಿತು. ಬರ್ಮಾದ ಕಡೆಯ 55ನೆಯ ಕಿಲೋಮೀಟರಿನ ಶಿಬಿರದಲ್ಲಿ ಆಲ್ಬರ್ಟ್ ಕೋಟ್ಸ್ ಎಂಬ ಆಸ್ಟ್ರೇಲಿಯದ ಶಸ್ತ್ರವೈದ್ಯನು ನೂರಕ್ಕೂ ಮೇಲ್ಪಟ್ಟು ಕಾಲುಗಳನ್ನು ಕತ್ತರಿಸಿದನು. ಅವನ ಡಚ್ ರಸಾಯನಜ್ಞನು ದನದ ಕರುಳಿನಿಂದ ಹೊಲಿಗೆಯ ದಾರವನ್ನು ತಯಾರಿಸಿಕೊಟ್ಟನು. ಸಯಾಮಿನ ಕಡೆ ಎಡ್ವರ್ಡ್ ಡನ್‌ಲಪ್ ಎಂಬ ವೈದ್ಯನು, ರೋಗಿಗಳನ್ನು ಕೆಲಸಕ್ಕೆ ಎಳೆಯಬಂದ ಜಪಾನೀಯರ ಮುಂದೆ ನಿಂತು ಪ್ರತಿದಿನವೂ ವಾದಿಸಿ, ಹಲವು ಸಲ ಏಟು ತಿಂದನು. ವಾಂತಿಭೇದಿ ಬಂದಾಗ, ಕುದಿಸಿದ ಹೊಳೆಯ ನೀರಿಗೆ ಅಡುಗೆಯ ಉಪ್ಪನ್ನು ಬೆರೆಸಿ, ಸ್ಟೆತಾಸ್ಕೋಪಿನ ರಬ್ಬರು ಕೊಳವೆಗೆ ಸಣ್ಣ ಬಿದಿರಿನ ಮೊನೆಯನ್ನು ಸೂಜಿಯಾಗಿ ಜೋಡಿಸಿ, ಅದನ್ನು ಸಾಯುವವರ ರಕ್ತನಾಳಕ್ಕೆ ಹರಿಸಿದರು. ಇವೆಲ್ಲ ಅದ್ಭುತವೇ ಸರಿ. ಆದರೆ ಅದ್ಭುತಗಳಿಗಿಂತ ಹೆಚ್ಚು ಜನರನ್ನು ಉಳಿಸಿದವು, ಯಾರೂ ಚಿತ್ರ ಬರೆಯದ ಸಣ್ಣ ಕಟ್ಟಳೆಗಳು: ಕುದಿಸದ ನೀರನ್ನು ತುಟಿಗೆ ಸೋಕಿಸಬಾರದು, ಉಣ್ಣುವ ಮುನ್ನ ತಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು, ಕಕ್ಕಸಿನ ಗುಂಡಿಯನ್ನು ಆಳವಾಗಿ ತೋಡಿ ಮುಚ್ಚಳವಿಡಬೇಕು, ಅಧಿಕಾರಿಗಳು ತಮಗೆ ಬರುವ ಸಂಬಳದಲ್ಲಿ ಒಂದು ಪಾಲನ್ನು ಆಸ್ಪತ್ರೆಯ ಹುಂಡಿಗೆ ಹಾಕಬೇಕು. ಆ ಹಣದಿಂದ ಬಾತುಕೋಳಿಯ ಮೊಟ್ಟೆಯನ್ನೂ ಹೆಸರುಕಾಳನ್ನೂ ಕೊಂಡು ರೋಗಿಗಳಿಗೆ ತಿನ್ನಿಸಿದರು. ಕಾಂಚನಬುರಿಯ ಬೂನ್‌ಪೊಂಗ್ ಎಂಬ ಥಾಯ್ ವರ್ತಕನು ಶಿಬಿರಗಳಿಗೆ ದೋಣಿಯಲ್ಲಿ ತರಕಾರಿ ಮಾರುವ ನೆವದಲ್ಲಿ ಔಷಧವನ್ನೂ ಹಣವನ್ನೂ ಗುಟ್ಟಾಗಿ ತಲುಪಿಸುತ್ತಿದ್ದನು. ಸಿಕ್ಕಿಬಿದ್ದರೆ ಅವನಿಗೂ ಅವನ ಕುಟುಂಬಕ್ಕೂ ಒದಗಬಹುದಾಗಿದ್ದ ಗತಿಯನ್ನು ಹೇಳಬೇಕಾಗಿಲ್ಲ.

ಕಟ್ಟಳೆಯೇ ಕಾಯಿತೆಂಬ ನನ್ನ ಮಾತಿಗೆ ಪ್ರಮಾಣ ಬೇಕೆನ್ನುವವರು 'ಎಫ್ ಫೋರ್ಸ್' ಎಂಬ ತಂಡದ ಲೆಕ್ಕವನ್ನು ನೋಡಬೇಕು. 1943ರ ಏಪ್ರಿಲಿನಲ್ಲಿ ಸಿಂಗಾಪುರದ ಚಾಂಗಿಯಿಂದ ಸುಮಾರು 7,000 ಮಂದಿಯನ್ನು ಸರಕುಗಾಡಿಗಳಲ್ಲಿ ತುಂಬಿ ಬಾನ್ ಪೊಂಗಿಗೆ ತಂದು, ಅಲ್ಲಿಂದ ಸುಮಾರು 300 ಕಿಲೋಮೀಟರು ರಾತ್ರಿರಾತ್ರಿಯೇ ನಡೆಸಿ, ಗಡಿಯ ಸಮೀಪದ ಕಾಡಿಗೆ ಅಟ್ಟಿದರು. ಅವರಲ್ಲಿ 3,662 ಆಸ್ಟ್ರೇಲಿಯನ್ನರು, ಸುಮಾರು 3,400 ಬ್ರಿಟಿಷರು. ಕಾಡೊಂದೇ, ಮಳೆಯೊಂದೇ, ವಾಂತಿಭೇದಿಯೊಂದೇ. ಆಸ್ಟ್ರೇಲಿಯನ್ನರಲ್ಲಿ ಸತ್ತವರು ಸುಮಾರು 1,060, ಬ್ರಿಟಿಷರಲ್ಲಿ 2,000ಕ್ಕೂ ಮಿಕ್ಕವರು. ಬ್ರಿಟಿಷರಲ್ಲಿ ಮೊದಲೇ ರೋಗಿಗಳಾಗಿದ್ದವರು ಹೆಚ್ಚಾಗಿದ್ದರೆಂಬುದು ನಿಜ. ಆದರೆ ಆಸ್ಟ್ರೇಲಿಯನ್ನರು ಬಹುಮಟ್ಟಿಗೆ ಒಂದೇ ಪಡೆಯ ಜನರಾಗಿ ಒಟ್ಟಿಗೆ ನಿಂತು, ಶೌಚದ ನಿಯಮವನ್ನು ನಿಷ್ಠುರವಾಗಿ ನಡೆಸಿಕೊಂಡರೆಂದೂ, ನಾನಾ ಪಡೆಗಳಿಂದ ಚೂರುಚೂರಾಗಿ ಕೂಡಿಸಿದ ಬ್ರಿಟಿಷರಲ್ಲಿ ಆ ಹಿಡಿತ ಬೇಗ ಸಡಿಲಿತೆಂದೂ ಅವರನ್ನು ಕಂಡವರು ಹೇಳಿದ್ದಾರೆ. ಇನ್ನು ಡಚ್ಚರಲ್ಲಿ ಅನೇಕರು ಜಾವಾ ಸುಮಾತ್ರಗಳಲ್ಲಿಯೇ ಹುಟ್ಟಿದವರಾಗಿದ್ದು, ಯಾವ ಸೊಪ್ಪು ತಿನ್ನತಕ್ಕದ್ದು, ಯಾವ ಬೇರು ಮದ್ದಾಗತಕ್ಕದ್ದು ಎಂಬುದನ್ನು ಬಲ್ಲವರು. ಮೂರು ದೊಡ್ಡ ತಂಡಗಳಲ್ಲಿ ಎಲ್ಲರಿಗಿಂತ ಕಡಿಮೆ ಪ್ರಮಾಣದಲ್ಲಿ ಸತ್ತವರು ಅವರೇ.

ಈಗ ಕೂಲಿಗಳ ಕಡೆಗೆ ತಿರುಗೋಣ. ಸಿಂಗಾಪುರ ಬಿದ್ದ ದಿನವೇ ಮಲಯದ ರಬ್ಬರಿಗೆ ಅಮೆರಿಕ ಯೂರೋಪುಗಳ ಮಾರುಕಟ್ಟೆ ಮುಚ್ಚಿಹೋಯಿತು. ತಮಿಳುನಾಡಿನ ಹಳ್ಳಿಗಳಿಂದ ಒಂದೆರಡು ತಲೆಮಾರುಗಳ ಹಿಂದೆ ಹೋಗಿ ತೋಟದ ಸಾಲುಮನೆಗಳಲ್ಲಿ ನೆಲಸಿದ್ದ ಕುಟುಂಬಗಳಿಗೆ ಕೂಲಿಯೂ ಇಲ್ಲ, ಹೊರಗಿನಿಂದ ಬರುತ್ತಿದ್ದ ಅಕ್ಕಿಯೂ ಇಲ್ಲ ಎಂಬ ಸ್ಥಿತಿಯೊದಗಿತು. ಆ ಹಸಿವಿನ ನಡುವೆ, ಸಯಾಮಿನಲ್ಲಿ ಮೂರು ತಿಂಗಳ ಕೆಲಸ, ದಿನಕ್ಕೊಂದು ಡಾಲರು, ಊಟ ವಸತಿ ಪುಕ್ಕಟೆ ಎಂಬ ಡಂಗುರ ಕೇಳಿ ಬಂದಿತು. ಕೆಲವರು ಹೆಂಡಿರುಮಕ್ಕಳೊಡನೆಯೇ ಹೊರಟರು. ಹೋದವರು ಯಾರೂ ಹಿಂತಿರುಗದೆ, ಸುದ್ದಿಯೂ ಬಾರದೆ, ಜನ ಅನುಮಾನಪಟ್ಟು ಹಿಂಜರಿಯತೊಡಗಿದಾಗ ತೋಟಕ್ಕಿಷ್ಟು ತಲೆಯೆಂದು ವಿಧಿಸಿದರು. ಅದೂ ಸಾಲದೆ ಬಂದಾಗ, ಪುಕ್ಕಟೆ ಸಿನಿಮಾ ತೋರಿಸುತ್ತೇವೆಂದು ಕರೆದು, ಬಾಗಿಲನ್ನು ಹಾಕಿ, ಒಳಗಿದ್ದವರನ್ನೆಲ್ಲ ಹಾಗೆಯೇ ರೈಲಿಗೆ ತುಂಬಿದರು. ಮಲಯದಿಂದ ಹೀಗೆ ಹೋದವರು 70,000ಕ್ಕೂ ಮಿಕ್ಕವರು. ಅವರಲ್ಲಿ ಬಹುಪಾಲು ತಮಿಳರು.

ಅವರೊಡನೆ ಹೋದ ಮುಂದಾಳು ಕಂಗಾಣಿ. ನಮ್ಮ ಮಲೆನಾಡಿನ ಕಾಫಿ ತೋಟಗಳ ಮೇಸ್ತ್ರಿಯಂತೆ ಅವನೂ ಆಳುಗಳನ್ನು ಕೂಡಿಸಿ, ಎಣಿಸಿ, ಕೆಲಸಕ್ಕೆ ಹಚ್ಚುವುದನ್ನು ಬಲ್ಲವನು; ಅವರನ್ನು ರೋಗದಿಂದ ಕಾಯುವುದು ಅವನಿಗೆ ಯಾರೂ ಕಲಿಸಿದ ವಿದ್ಯೆಯಲ್ಲ, ವಹಿಸಿದ ಹೊಣೆಯೂ ಅಲ್ಲ. ತೋಟಗಳಲ್ಲಿ ಆಸ್ಪತ್ರೆ, ಡಾಕ್ಟರು, ಲೆಕ್ಕಪತ್ರಗಳೆಲ್ಲ ದೊರೆಗಳ ಕೈಯಲ್ಲಿದ್ದುವು. ಆ ದೊರೆಗಳು ಓಡಿಹೋಗಿಯೋ ಸೆರೆಸಿಕ್ಕಿಯೋ ಮಾಯವಾದಾಗ ಕೂಲಿಗಳ ಪಾಲಿಗೆ ಸಮಾಜವೆಂಬುದೇ ಕಳಚಿಬಿದ್ದಿತು. ಸೈನಿಕನಾದರೋ ಸೆರೆಯೊಳಗೂ ತನ್ನ ಸೇನೆಯನ್ನು ಹೊತ್ತುಕೊಂಡು ಹೋಗಿದ್ದನು: ಅವನಿಗೆ ಅಧಿಕಾರಿಯಿದ್ದನು, ವೈದ್ಯನಿದ್ದನು, ನೀರು ಕುದಿಸುವುದಕ್ಕೆಂದೇ ನೇಮಿಸಿದ ಅಡುಗೆಯವನಿದ್ದನು, ಸಂಜೆ ಹಾಜರಿಯಲ್ಲಿ ಅವನ ಹೆಸರನ್ನು ಕೂಗಿ ಉತ್ತರ ಬಾರದಿದ್ದರೆ ಏಕೆಂದು ಕೇಳುವವನಿದ್ದನು. ಕೂಲಿಗೆ ಇವರಲ್ಲಿ ಒಬ್ಬನೂ ಇರಲಿಲ್ಲ. ವಾಂತಿಭೇದಿ ತಟ್ಟಿದ ಶಿಬಿರದಲ್ಲಿ ಗಟ್ಟಿಯಾಗಿದ್ದವರು ಕಾಡಿಗೆ ಓಡುತ್ತಿದ್ದರು. ಉಳಿದವರು ಒಬ್ಬರ ಪಕ್ಕದಲ್ಲೊಬ್ಬರು ಸಾಯುತ್ತಿದ್ದರು. ಇನ್ನೂ ಉಸಿರಿದ್ದವರನ್ನೂ ಗುಂಡಿಗೆ ತಳ್ಳಿದರೆಂದು ಸಾಕ್ಷಿಗಳು ನುಡಿದದ್ದುಂಟು. ಬರ್ಮಾದವರಿಗೆ, ಓಡಿದರೆ ಸೇರಲು ಊರೊಂದು ಹತ್ತಿರದಲ್ಲಿತ್ತು. ಬಾ ಮಾವ್‌ನ ಸರಕಾರ 'ಬೆವರಿನ ಸೈನ್ಯ'ವೆಂದು ಹೆಸರಿಟ್ಟು ಕಳುಹಿದ ಆಳುಗಳಲ್ಲಿ ಎಷ್ಟೋ ಮಂದಿ ಹೀಗೆ ಮನೆ ಸೇರಿಕೊಂಡರು. ತಮಿಳನು ಓಡಿ ಎಲ್ಲಿಗೆ ಹೋಗಬೇಕು?

ಕೈದಿಗಳ ದಿನಚರಿಗಳಲ್ಲಿ ಕೂಲಿಗಳ ವಿಷಯ ಬರುವುದೆಲ್ಲ ಹೆಚ್ಚಾಗಿ ದೂರಿನ ಧಾಟಿಯಲ್ಲಿಯೇ: ಹೊಳೆಯ ಮೇಲುಭಾಗದ ಅವರ ಶಿಬಿರದಿಂದ ನಮಗೆ ರೋಗ ಇಳಿದು ಬಂದಿತು, ಅವರು ಹೊಲಸು ಜನ, ಎಂದು. ಸಾವಿನ ಬಾಯಿಯಲ್ಲಿ ಕುಳಿತು ಬರೆದವರನ್ನು ನಾವು ಆಕ್ಷೇಪಿಸಬೇಕಾಗಿಲ್ಲ. ಆದರೆ ಗುದ್ದಲಿಯನ್ನೂ, ಕಕ್ಕಸು ತೋಡಲು ಬಿಡುವನ್ನೂ, ನೀರು ಕುದಿಸಲು ಪಾತ್ರೆಯನ್ನೂ ಕೊಡದೆ ಹೊಲಸಿನಲ್ಲಿ ಬಿಟ್ಟವರನ್ನು ಹೊಲಸರೆಂದದ್ದು ಅನ್ಯಾಯವೇ. 1943ರ ನಡುವಿನಲ್ಲಿ ಜಪಾನೀಯರು ಎಚ್ಚೆತ್ತು, ಚಾಂಗಿಯ ಕೈದಿಗಳಲ್ಲಿಯೇ ವೈದ್ಯರನ್ನೂ ಶುಶ್ರೂಷಕರನ್ನೂ ಆರಿಸಿ ಎರಡು ತಂಡಗಳನ್ನು ಕೂಲಿಗಳ ಶಿಬಿರಗಳಿಗೆ ಕಳುಹಿದರು. ಕೆಲವು ನೂರು ಮಂದಿಯ ಆ ತಂಡಗಳು ಲಕ್ಷಾಂತರ ಜನರ ನಡುವೆ ಮಾಡಬಹುದಾದಷ್ಟನ್ನು ಮಾಡಿದುವು. ಅಷ್ಟರಲ್ಲಿ ಹೊತ್ತು ಮೀರಿದ್ದಿತು.

1943ರ ಅಕ್ಟೋಬರ್ 17ರಂದು ಎರಡು ಕಡೆಯ ಕಂಬಿಗಳೂ ಕೊನ್‌ಕೊಯಿತಾದಲ್ಲಿ ಕೂಡಿದುವು. 25ರಂದು ಉತ್ಸವ ನಡೆಯಿತು. ಆ ದಿನ ಓಡಿದ ಉಗಿಬಂಡಿಯು ಈಗ ಟೋಕಿಯೊದ ಯಾಸುಕುನಿ ದೇವಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಮುಗಿದ ತರುವಾಯ ಬ್ರಿಟಿಷರು ದಾರಿಯನ್ನು ಸಯಾಮಿಗೆ ಮಾರಿದರು. ಗಡಿಯ ಕಡೆಯ ಕಂಬಿಗಳನ್ನು ಕಿತ್ತುಹಾಕಿ, ನಾಮ್ ಟೋಕ್‌ನವರೆಗಿನ ಭಾಗವನ್ನಷ್ಟೇ ಉಳಿಸಿಕೊಂಡರು. 1957ರಲ್ಲಿ ಡೇವಿಡ್ ಲೀನ್ ಸಿಂಹಳದ ಕಾಡಿನಲ್ಲಿ ತೆಗೆದ ಕ್ವಾಯ್ ಸೇತುವೆಯ ಚಲನಚಿತ್ರ ಲೋಕಪ್ರಸಿದ್ಧವಾಗಿ, ಸೇತುವೆಯನ್ನು ಹುಡುಕಿಕೊಂಡು ಬಂದ ಪ್ರವಾಸಿಗಳಿಗೆ ಈ ದಾರಿಯ ನಿಜವಾದ ಸೇತುವೆಯಿರುವುದು ಕಾಂಚನಬುರಿಯಲ್ಲಿ ಮೇ ಕ್ಲಾಂಗ್ ಹೊಳೆಯ ಮೇಲೆಂದು ತಿಳಿದು ನಿರಾಶೆಯಾಗಲು, ಥಾಯ್ ಸರಕಾರವು ಹೊಳೆಯ ಹೆಸರನ್ನೇ ಕ್ವಾಯ್ ಎಂದು ಬದಲಾಯಿಸಿತು. ಆ ಚಿತ್ರದಲ್ಲಿ ತೋಟದ ಕೂಲಿಗಳ ಕಥೆಯಿಲ್ಲ. ಬ್ರಿಟಿಷ್ ಸರಕಾರವು ಬದುಕಿ ಉಳಿದಿದ್ದ ತನ್ನ ಕೈದಿಗಳಿಗೆ, ತಡವಾಗಿಯಾದರೂ, 2000ದಲ್ಲಿ ತಲಾ 10,000 ಪೌಂಡು ಕೊಟ್ಟಿತು. ಕೊಡಲು ಅದರ ಬಳಿ ಹೆಸರುಗಳ ಪಟ್ಟಿಯಿದ್ದಿತು.

ಕಾಂಚನಬುರಿಯ ಯುದ್ಧಸ್ಮಶಾನದಲ್ಲಿ 6,900ಕ್ಕೂ ಮೇಲ್ಪಟ್ಟು ಸಮಾಧಿಗಳು, ಹುಲ್ಲು ಕತ್ತರಿಸಿ, ಹೂ ನೆಟ್ಟು, ಸಾಲಾಗಿ ನಿಂತಿವೆ. ಕೂಲಿಗಳನ್ನು ನೆನೆದು ಎದ್ದ ಮೊದಲ ಶಿಲೆಯನ್ನು ನಿಲ್ಲಿಸಿದವರು, ವಿಚಿತ್ರವಾದರೂ ಸತ್ಯ, ಅವರನ್ನು ದುಡಿಸಿದ ಜಪಾನೀ ಸೇನೆಯವರೇ: 1944ರಲ್ಲಿ ಸೇತುವೆಯ ಬಳಿ ಅವರು ಕಟ್ಟಿಸಿದ ಸ್ಮಾರಕದ ಮೇಲೆ ತಮಿಳು ಬರಹವೂ ಇದೆ. ಅದನ್ನು ಬಿಟ್ಟರೆ, ಮಲೇಷಿಯದ ತಮಿಳರು ತಮ್ಮ ಅಜ್ಜಂದಿರ ಹೆಸರಿನಲ್ಲಿ ಒಂದು ನಡುಕಲ್ಲನ್ನು, ಎಂದರೆ ನೆನಪಿನ ಕಲ್ಲನ್ನು, ಅಲ್ಲಿಯ ವಾಟ್ ಥಾವೊರ್ನ್ ವಿಹಾರದಲ್ಲಿ ನೆಡುವುದಕ್ಕೆ 2023ರವರೆಗೆ ಕಾಯಬೇಕಾಯಿತು. ಸಯಾಮಿಗೆ ಪ್ರವಾಸ ಹೋಗುವ ಕನ್ನಡಿಗರು ಈಗ ಕಡಿಮೆಯೇನಲ್ಲ. ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡ ತರುವಾಯ ಆ ವಿಹಾರದವರೆಗೂ ಹೋಗಿಬರಬೇಕೆಂದು ಅವರಲ್ಲಿ ನನ್ನ ಬಿನ್ನಹ.